ಮಾಲಾ ಮಾತ್ರೆ: 29ನೇ ದಿನದ ಮಾತನ್ನೂ ಹೇಳಿ ಕೊಡಿ

ಮಾನ್ಯ ಸಂಪಾದಕರೇ,

ಉಪಕೇಂದ್ರದಲ್ಲಿ ಉಚಿತವಾಗಿ ಸಿಗುವ ಗರ್ಭನಿರೋಧಕ ಮಾತ್ರೆ ಮಾಲಾ-ಎನ್ ಆಗಲಿ, ಮೆಡಿಕಲ್ ಶಾಪಿನಲ್ಲಿ ಮಾರುವ ಮಾಲಾ-ಡಿ ಆಗಲಿ, ಬಿಳಿ ಮಾತ್ರೆಯೊಳಗಿನ ಔಷಧ ಒಂದೇ: 0.15 ಮಿ.ಗ್ರಾಂ ಲೆವೊನಾರ್ಜೆಸ್ಟ್ರೆಲ್, 0.03 ಮಿ.ಗ್ರಾಂ ಎಥಿನೈಲ್ ಎಸ್ಟ್ರಾಡಿಯೋಲ್ ಎಂಬ ಹಾರ್ಮೋನುಗಳು. ಒಂದು ದಿನವೂ ತಪ್ಪದೆ ನುಂಗಿದರೆ ವರ್ಷದಲ್ಲಿ ನೂರು ಮಹಿಳೆಯರಲ್ಲಿ ಗರ್ಭ ನಿಲ್ಲುವುದು ಒಬ್ಬರಿಗಿಂತಲೂ ಕಡಿಮೆ. ದಿನನಿತ್ಯದ ಬಳಕೆಯಲ್ಲಿ ಅದು ಸುಮಾರು ಏಳಕ್ಕೇರುತ್ತದೆ. ನುಂಗುವ ಕ್ರಮ ತಪ್ಪುವುದರಿಂದಲೇ ಈ ಅಂತರ. ಆ ಕ್ರಮವನ್ನು ಕೂರಿಸಿ ಬಿಡಿಸಿ ಹೇಳುವವರು ಕಡಿಮೆ.

ಪಟ್ಟಿಯಲ್ಲಿ 21 ಬಿಳಿ ಮಾತ್ರೆ, 7 ಕಂದು ಮಾತ್ರೆ ಇರುತ್ತವೆ. ಕಂದು ಬಣ್ಣದ್ದು ಬರೀ ಕಬ್ಬಿಣಾಂಶ. ಆ ವಾರದಲ್ಲಿ ಮುಟ್ಟಾಗುತ್ತದೆ. 28 ಮುಗಿದ ಮರುದಿನ, ಸ್ರಾವ ನಿಂತಿರಲಿ ಬಿಡಲಿ, ಹೊಸ ಪಟ್ಟಿಯ ಮೊದಲ ಬಿಳಿ ಮಾತ್ರೆ ನುಂಗಲೇಬೇಕು. ‘ಮುಟ್ಟು ಪೂರ್ತಿ ನಿಲ್ಲಲಿ, ತಲೆಸ್ನಾನ ಆಗಲಿ’ ಎಂದು ಕಾಯುವುದೇ ದೊಡ್ಡ ತಪ್ಪು. ಹಾರ್ಮೋನು ಇಲ್ಲದ ಏಳು ದಿನದಲ್ಲಿ ಅಂಡಾಶಯ ಮತ್ತೆ ಎಚ್ಚರಗೊಂಡು ಅಂಡವನ್ನು ಬೆಳೆಸತೊಡಗಿರುತ್ತದೆ. ಅದರ ಮೇಲೆ ಎರಡು ಮೂರು ದಿನ ತಡವಾದರೆ ಅಂಡ ಬಿಡುಗಡೆಯಾಗಿಬಿಡಬಹುದು. ಪಟ್ಟಿಯ ನಡುವೆ ಮರೆತ ಒಂದು ಮಾತ್ರೆಗಿಂತ ಪಟ್ಟಿಯ ಆರಂಭದಲ್ಲಿ ಆಗುವ ತಡ ಹೆಚ್ಚು ಅಪಾಯದ್ದು. ಬರೀ 21 ಮಾತ್ರೆಯ ಪಟ್ಟಿ ಕೊಂಡವರು ಏಳು ದಿನ ಬಿಟ್ಟು ಎಂಟನೇ ದಿನ ಹೊಸದನ್ನು ಶುರುಮಾಡಬೇಕು.

ಮೊದಲ ಬಾರಿ ಮುಟ್ಟಿನ ಐದು ದಿನಗಳೊಳಗೆ ಆರಂಭಿಸಿದರೆ ಬೇರೆ ರಕ್ಷಣೆ ಬೇಡ. ಆಮೇಲೆ ಆರಂಭಿಸಿದರೆ, ಗರ್ಭವಿಲ್ಲವೆಂದು ಖಚಿತಪಡಿಸಿಕೊಂಡು, ಏಳು ದಿನ ಕಾಂಡೋಮ್ ಬಳಸಬೇಕು. ಒಂದು ಬಿಳಿ ಮಾತ್ರೆ ಮರೆತರೆ ನೆನಪಾದ ಕೂಡಲೇ ನುಂಗಿ, ಅಂದಿನದನ್ನು ಅದರ ಹೊತ್ತಿಗೇ ತೆಗೆದುಕೊಳ್ಳಿ. ಒಂದೇ ದಿನ ಎರಡಾದರೂ ಚಿಂತೆಯಿಲ್ಲ. ಸತತ ಎರಡು ಅಥವಾ ಹೆಚ್ಚು ಮರೆತರೆ ಕೊನೆಯದಾಗಿ ಮರೆತ ಒಂದನ್ನು ಮಾತ್ರ ನುಂಗಿ, ಉಳಿದವನ್ನು ಬಿಟ್ಟು, ಎಂದಿನಂತೆ ಮುಂದುವರಿಸಿ. ಸತತ ಏಳು ಬಿಳಿ ಮಾತ್ರೆ ಹೊಟ್ಟೆಗೆ ಹೋಗುವವರೆಗೆ ಕಾಂಡೋಮ್ ಬೇಕು. ಮೂರನೇ ವಾರದಲ್ಲಿ ಹೀಗಾದರೆ ಕಂದು ಮಾತ್ರೆ ಬಿಟ್ಟು ನೇರವಾಗಿ ಹೊಸ ಪಟ್ಟಿಗೆ ಹೋಗಿ. ಮೊದಲ ವಾರದಲ್ಲಾಗಿ, ಹಿಂದಿನ ಐದು ದಿನಗಳಲ್ಲಿ ದೈಹಿಕ ಸಂಪರ್ಕವೂ ನಡೆದಿದ್ದರೆ ತುರ್ತು ಗರ್ಭನಿರೋಧಕದ ಬಗ್ಗೆ ತಡಮಾಡದೆ ವೈದ್ಯರನ್ನು ಕೇಳಿ. ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಬಿಳಿ ಮಾತ್ರೆ ತೆಗೆದುಕೊಳ್ಳಬೇಕು.

ಇನ್ನೊಂದು ಗೊಂದಲ ‘ಛಾಯಾ’ ಎಂಬ ಬೇರೆ ಗರ್ಭನಿರೋಧಕ ಮಾತ್ರೆಯದ್ದು. ಅದರಲ್ಲಿ ಹಾರ್ಮೋನಿಲ್ಲ, ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ನೆರೆಮನೆಯವರ ಛಾಯಾ ಲೆಕ್ಕದಲ್ಲಿ ಮಾಲಾ ನುಂಗಿದರೆ ರಕ್ಷಣೆಯೇ ಇಲ್ಲ. ಹಬ್ಬ, ಪೂಜೆಗೆಂದು ಮುಟ್ಟು ಮುಂದೂಡಲು ನುಂಗುವ ನಾರ್‌ಎಥಿಸ್ಟೆರೋನ್ ಮಾತ್ರೆಯನ್ನೂ ಗರ್ಭನಿರೋಧಕವೆಂದು ನಂಬಬಾರದು.

ಕ್ಷಯಕ್ಕೆ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಫೆನಿಟಾಯಿನ್, ಕಾರ್ಬಮಜೆಪಿನ್ ತೆಗೆದುಕೊಳ್ಳುತ್ತಿದ್ದರೆ ಯಕೃತ್ತು ಈ ಹಾರ್ಮೋನುಗಳನ್ನು ಬೇಗನೆ ಕರಗಿಸಿಬಿಡುತ್ತದೆ. ಅಂಥವರಿಗೆ ಬೇರೆ ವಿಧಾನವೇ ಸರಿ. ಮಾಲಾದಲ್ಲಿರುವ ಈಸ್ಟ್ರೋಜನ್ (ಎಥಿನೈಲ್ ಎಸ್ಟ್ರಾಡಿಯೋಲ್) ರಕ್ತ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸುವುದರಿಂದ ಬಿ.ಪಿ. 140/90 ಅಥವಾ ಮೇಲಿದ್ದವರಿಗೆ, ಬೀಡಿ ಸಿಗರೇಟು ಸೇದುವ 35 ದಾಟಿದವರಿಗೆ, ಕಣ್ಣ ಮುಂದೆ ಮಿಂಚು, ಅಂಕುಡೊಂಕು ಗೆರೆ ಕಂಡು ಬರುವ ಮೈಗ್ರೇನ್ ಇರುವವರಿಗೆ, ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರಿಗೆ ಈ ಮಾತ್ರೆ ಬೇಡ. ಸ್ತನ ಕ್ಯಾನ್ಸರ್ ಬಂದವರಿಗೂ ಕೊಡಬಾರದು. ಎದೆಹಾಲುಣಿಸುವ ಬಾಣಂತಿಯರು ಆರು ತಿಂಗಳವರೆಗೆ ಬೇರೆ ವಿಧಾನ ಬಳಸುವುದು ಒಳ್ಳೆಯದು. ಮಾತ್ರೆ ನುಂಗುತ್ತಿರುವಾಗ ಒಂದೇ ಕಾಲಿನ ಮೀನಖಂಡ ಊದಿ ನೋವು, ಎದೆನೋವು, ಏದುಸಿರು, ಹಠಾತ್ ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯಲ್ಲಿ ತಡೆಯಲಾರದ ನೋವು ಕಂಡರೆ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು.

ಮೊದಲ ಮೂರು ತಿಂಗಳು ನಡುನಡುವೆ ರಕ್ತದ ಕಲೆ ಕಾಣಿಸುವುದು, ವಾಕರಿಕೆ ಸಹಜ. ರಾತ್ರಿ ಊಟದ ನಂತರ ನುಂಗಿದರೆ ವಾಕರಿಕೆ ತಗ್ಗುತ್ತದೆ. ‘ಆಗಾಗ ಬಿಡುವು ಕೊಡಬೇಕು’ ಎಂಬ ಸಲಹೆ ತಪ್ಪಷ್ಟೇ ಅಲ್ಲ, ಅಪಾಯಕಾರಿ ಕೂಡ. ರಕ್ತ ಹೆಪ್ಪುಗಟ್ಟುವ ಅಪಾಯ ಆರಂಭದ ತಿಂಗಳುಗಳಲ್ಲೇ ಹೆಚ್ಚು. ತಿಂಗಳುಗಟ್ಟಲೆ ಬಿಟ್ಟು ಮತ್ತೆ ಶುರುಮಾಡಿದರೆ ಅದು ಮರಳುತ್ತದೆ. ಬಂಜೆತನದ ಭಯಕ್ಕೂ ಆಧಾರವಿಲ್ಲ. ಮಾತ್ರೆ ನಿಲ್ಲಿಸಿದ ಮೇಲೆ ಮುಂದಿನ ಮುಟ್ಟಿಗೂ ಮೊದಲೇ ಗರ್ಭ ನಿಲ್ಲಬಹುದು.

ಆರೋಗ್ಯ ಇಲಾಖೆಯಲ್ಲಿ ಕೋರಿಕೆಯಿಷ್ಟೆ: ಮೊದಲ ಪಟ್ಟಿ ಕೊಡುವ ಮುನ್ನ ಬಿ.ಪಿ. ನೋಡಲಿ, ಮೂರು ತಿಂಗಳಿಗೆ ಮತ್ತೆ ನೋಡಲಿ. ಒಂದರ ಬದಲು ಮೂರು ಪಟ್ಟಿ ಒಟ್ಟಿಗೆ ಕೊಡಲಿ. ಪಟ್ಟಿ ಕೈಯಲ್ಲಿಲ್ಲದೆ 29ನೇ ದಿನ ತಪ್ಪಬಾರದು. ಪ್ರತಿ ಪಟ್ಟಿಯ ಬೆನ್ನಿಗೆ ಮುಂದಿನದನ್ನು ಆರಂಭಿಸುವ ತಾರೀಖನ್ನು ಪೆನ್ನಿನಲ್ಲಿ ಬರೆದುಕೊಡಲಿ. ಔಷಧ ಅಂಗಡಿಯವರೂ ಇದನ್ನು ಮಾಡಬಹುದು.

— ಪ್ರಸೂತಿ ತಜ್ಞೆ, ದಾವಣಗೆರೆ