ಅಪ್ಪನ ಜೊತೆ ನೇರವಾಗಿ ಮಾತಾಡಿದ ನಿಮಗೆಲ್ಲ

ಅಪ್ಪನ ಆಪರೇಷನ್ ಆಗಿ ಒಂದು ವರ್ಷವಾಯಿತು. ವರ್ಷದ ತಪಾಸಣೆಯೂ ಮುಗಿಯಿತು. ಸ್ಕ್ಯಾನ್‌ನಲ್ಲಿ ಏನೂ ಕಂಡಿಲ್ಲ. ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ, ಚೆನ್ನಾಗಿ ಬಂದಿದೆ. ಕಾಯಿಲೆ ಮರಳಿದ್ದರೆ ಸುಳಿವು ಕೊಡುವ ಸಿಇಎ ಅನ್ನುವ ರಕ್ತ ಪರೀಕ್ಷೆಯ ಅಂಕಿಯೂ ಮಿತಿಯೊಳಗೇ ಇದೆ. ಈ ದಿನದವರೆಗೆ ನಮ್ಮನ್ನು ತಲುಪಿಸಿದವರಿಗೆ ಧನ್ಯವಾದ ಹೇಳಬೇಕು. ಅದಕ್ಕೇ ಈ ಬರಹ. ಅಪ್ಪ ಓದಿ ಒಪ್ಪಿದ ಮೇಲೆಯೇ ಹಾಕುತ್ತಿದ್ದೇನೆ. "ಹೊಟ್ಟೆಯ ತೊಂದರೆ ಅಂತೆಲ್ಲ ಸುತ್ತಿ ಬಳಸಿ ಬರೀಬೇಡ, ಗುದನಾಳದ ಕ್ಯಾನ್ಸರ್ ಅಂತಲೇ ಬರಿ" ಎಂದು ಹೇಳಿದ್ದೂ ಅವರೇ.

ಮೊದಲ ಧನ್ಯವಾದ, ಅಪ್ಪ ಮೊದಲು ಹೋಗಿ ತೋರಿಸಿದ ಡಾಕ್ಟರಿಗೆ. ಮಲದಲ್ಲಿ ರಕ್ತ ಬಂದರೆ ಮೂಲವ್ಯಾಧಿ ಅಂದುಕೊಳ್ಳುವವರೇ ಜಾಸ್ತಿ. ಮುಲಾಮು ಬರೆದುಕೊಟ್ಟು ಕಳಿಸಿದ್ದರೆ ನಾವೂ ನೆಮ್ಮದಿಯಾಗಿ ಮನೆಗೆ ಬರುತ್ತಿದ್ದೆವು. ಅವರು ಹಾಗೆ ಮಾಡಲಿಲ್ಲ. ಟಾಯ್ಲೆಟ್‌ಗೆ ಹೋಗಿ ಬಂದ ಮೇಲೂ ಇನ್ನೂ ಇದೆ ಅನ್ನಿಸುತ್ತಾ, ಎಷ್ಟು ತಿಂಗಳಿಂದ ಈ ಬದಲಾವಣೆ ಎಂದು ಒಂದೊಂದಾಗಿ ಕೇಳಿದರು. ಗ್ಲೌಸ್ ಹಾಕಿಕೊಂಡು ಬೆರಳಿಟ್ಟು ಪರೀಕ್ಷೆ ಮಾಡಿದರು. ಒಂದೆರಡು ನಿಮಿಷದ ಕೆಲಸ. ಸಂಕೋಚಕ್ಕೆ ಎಷ್ಟೋ ಜನ ಬೇಡ ಅನ್ನುವ ಪರೀಕ್ಷೆ ಅದು. "ಒಳಗೆ ಗಟ್ಟಿಯಾಗಿ ಏನೋ ಸಿಗುತ್ತಿದೆ, ಕೊಲೊನೋಸ್ಕೋಪಿ ಮಾಡಿಸಲೇಬೇಕು" ಎಂದು ಅಪ್ಪನ ಮುಖ ನೋಡಿಯೇ ಹೇಳಿದರು. ಆ ಪರೀಕ್ಷೆಯಲ್ಲಿ ಗಡ್ಡೆ ಕಾಣಿಸಿತು. ಅದರ ಚೂರು ತೆಗೆದು ನೋಡಿದ ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು.

ಆಮೇಲೆ ನಮ್ಮ ಸರ್ಜನ್ ಮೇಡಂ. ರಿಪೋರ್ಟ್ ತೋರಿಸಲು ಹೋದ ದಿನ, ಜೊತೆಗೆ ಬಂದಿದ್ದ ಹಿರಿಯರೊಬ್ಬರು ಅಪ್ಪನ ಹಿಂದೆ ನಿಂತು, ಹೇಳಬೇಡಿ ಅಂತ ಕಣ್ಣಲ್ಲೇ ಸನ್ನೆ ಮಾಡಿದರು. ಪ್ರೀತಿಯಿಂದಲೇ ಮಾಡಿದ್ದು, ಅದರಲ್ಲಿ ಅನುಮಾನವಿಲ್ಲ. ಮೇಡಂ ಸನ್ನೆ ನೋಡಿದರು. ನೋಡಿ, ತಮ್ಮ ಕುರ್ಚಿಯನ್ನು ಅಪ್ಪನ ಹತ್ತಿರ ಎಳೆದುಕೊಂಡರು. "ನಿಮ್ಮ ಕಾಯಿಲೆ ಬಗ್ಗೆ ಎಷ್ಟು ಹೇಳಲಿ? ಎಲ್ಲಾ ಹೇಳಲಾ, ಬೇಕಾದಷ್ಟೇ ಹೇಳಲಾ?" ಎಂದು ಕೇಳಿದರು. ಅಪ್ಪ "ಎಲ್ಲಾ ಹೇಳಿ" ಅಂದರು. ಅಲ್ಲಿಂದ ಮುಂದೆ ಪ್ರತಿ ನಿರ್ಧಾರವೂ ಅಪ್ಪನದೇ ಆಯಿತು. ಈ ಇಡೀ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ. ಅಪ್ಪನ ತಲೆಯ ಮೇಲಿಂದ ನಮ್ಮ ಹತ್ತಿರ ಮಾತಾಡದೆ, ಅಪ್ಪನ ಹತ್ತಿರವೇ ಮಾತಾಡಿದ ಪ್ರತಿಯೊಬ್ಬರಿಗೂ ನಾನು ಋಣಿ.

ಅವತ್ತು ಮೇಡಂ ಒಂದು ಹಾಳೆಯ ಮೇಲೆ ಚಿತ್ರ ಬರೆದರು. ದೊಡ್ಡ ಕರುಳಿನ ಕೊನೆಯ ಸುಮಾರು 15 ಸೆಂಟಿಮೀಟರ್ ಗುದನಾಳ. ಅದರ ಸುತ್ತ ಕೊಬ್ಬಿನ ಹೊದಿಕೆ. ಆ ಕೊಬ್ಬಿನಲ್ಲಿ ಸಣ್ಣ ಸಣ್ಣ ದುಗ್ಧ ಗ್ರಂಥಿಗಳು, ಅಂದರೆ ಲಿಂಫ್ ನೋಡ್‌ಗಳು. ಕೆಳಗೆ ಮಲವನ್ನು ತಡೆಹಿಡಿಯುವ ಸ್ನಾಯು. ಅಕ್ಕಪಕ್ಕದಲ್ಲೇ ಮೂತ್ರಕೋಶದ ನರಗಳು. ಇಷ್ಟು ಇಕ್ಕಟ್ಟಾದ ಜಾಗವಾದ್ದರಿಂದ ಗಡ್ಡೆ ಎಷ್ಟು ಆಳಕ್ಕೆ ಹೋಗಿದೆ, ಹೊದಿಕೆಯ ಅಂಚಿಗೆ ಎಷ್ಟು ಹತ್ತಿರವಿದೆ ಎಂದು ಎಂಆರ್‌ಐ ನೋಡದೆ ಕತ್ತಿ ಹಿಡಿಯುವುದಿಲ್ಲ ಎಂದರು. ಶ್ವಾಸಕೋಶ, ಯಕೃತ್ತು ನೋಡಲು ಸಿಟಿ ಸ್ಕ್ಯಾನ್. "ನಾಳೆಯೇ ಆಪರೇಷನ್ ಮಾಡಿಸಿ ತೆಗೆಸಿಬಿಡಿ" ಅಂತ ಎಷ್ಟೋ ಜನ ಹೇಳುತ್ತಿದ್ದ ಸಮಯ ಅದು. ಈ ಗಡ್ಡೆ ಒಂದೆರಡು ವಾರದಲ್ಲಿ ರಾತ್ರೋರಾತ್ರಿ ಬೆಳೆದುಬಿಡುವಂಥದ್ದಲ್ಲ, ಸರಿಯಾದ ಕ್ರಮದಲ್ಲಿ ಹೋಗುವುದೇ ಮುಖ್ಯ ಎಂದು ಅವರು ಹೇಳಿದ್ದಕ್ಕೇ ನಮಗೆ ಆ ಕಾಯುವ ದಿನಗಳನ್ನು ತಡೆದುಕೊಳ್ಳಲು ಆಯಿತು.

ಎಂಆರ್‌ಐ ಬಂದಾಗ "ಮೂರನೇ ಹಂತ" ಅನ್ನುವ ಮಾತು ಬಂತು. ನಾಲ್ಕರಲ್ಲಿ ಮೂರು ಅಂದರೆ ಮುಕ್ಕಾಲು ಪಾಲು ಮುಗಿದೇಹೋಯಿತು ಅಂತ ಅಮ್ಮನಿಗೆ ಅನ್ನಿಸಿತು. ಅದು ಹಾಗಲ್ಲ ಅಂತ ಮೇಡಂ ಬಿಡಿಸಿ ಹೇಳಿದರು. ಹತ್ತಿರದ ದುಗ್ಧ ಗ್ರಂಥಿಗಳಿಗೆ ತಲುಪಿದೆ, ದೂರದ ಅಂಗಗಳಿಗೆ ಹೋಗಿಲ್ಲ, ಗುಣಪಡಿಸಬೇಕು ಅಂತಲೇ ಚಿಕಿತ್ಸೆ ಕೊಡುವ ಹಂತ ಇದು ಎಂದರು. ಅಮ್ಮ ಅವತ್ತು ರಾತ್ರಿ ನಿದ್ದೆ ಮಾಡಿದರು.

ನಾವು ಮುಖವನ್ನೇ ನೋಡದ ಪೆಥಾಲಜಿ ಡಾಕ್ಟರಿಗೂ ಧನ್ಯವಾದ. ಚಿಕಿತ್ಸೆ ಶುರುವಾಗುವ ಮೊದಲೇ ಬಯಾಪ್ಸಿಯ ಚೂರಿನಲ್ಲಿ ಎಂಎಂಆರ್ ಪರೀಕ್ಷೆ ಮಾಡಿ ಕೊಟ್ಟರು. ಗುದನಾಳದ ಕ್ಯಾನ್ಸರ್ ಇರುವವರಲ್ಲಿ ಸ್ವಲ್ಪ ಜನರ ಗಡ್ಡೆಯಲ್ಲಿ ಡಿಎನ್‌ಎಯ ತಪ್ಪುಗಳನ್ನು ಸರಿಪಡಿಸುವ ವ್ಯವಸ್ಥೆಯೇ ಕೆಟ್ಟಿರುತ್ತದೆ. ಈ ಪರೀಕ್ಷೆ ನೋಡುವುದು ಅದನ್ನೇ. ಅಂಥವರಿಗೆ ದಾರಿಯೇ ಬೇರೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಂಥ ಮೊದಲ 12 ಜನರಿಗೆ ದೋಸ್ಟಾರ್ಲಿಮಾಬ್ ಅನ್ನುವ, ದೇಹದ ರೋಗನಿರೋಧಕ ಶಕ್ತಿಯೇ ಗಡ್ಡೆಯ ವಿರುದ್ಧ ಹೋರಾಡುವಂತೆ ಮಾಡುವ ಇಮ್ಯುನೋಥೆರಪಿ ಔಷಧ ಮಾತ್ರ ಕೊಟ್ಟು, ಹನ್ನೆರಡೂ ಜನರ ಗಡ್ಡೆ ಕಾಣದ ಹಾಗೆ ಕರಗಿತ್ತು. ಅಪ್ಪನದು ಆ ಬಗೆ ಅಲ್ಲ ಅಂತ ಗೊತ್ತಾಯಿತು. ಆದರೂ ಕೇಳಿ ತಿಳಿದುಕೊಳ್ಳಬೇಕಾದ ವಿಷಯ ಇದು. ಹೊಸದಾಗಿ ಕಾಯಿಲೆ ಗೊತ್ತಾದ ಮನೆಯವರು ಮೊದಲ ವಾರದಲ್ಲೇ ಡಾಕ್ಟರನ್ನು ಕೇಳಿ.

ಅಪ್ಪನಿಗೆ ಮೊದಲು ರೇಡಿಯೇಷನ್, ಜೊತೆಗೆ ಕೀಮೊ ಮಾತ್ರೆ, ಆಮೇಲೆ ಡ್ರಿಪ್‌ನಲ್ಲಿ ಕೀಮೊ, ಕೊನೆಗೆ ಆಪರೇಷನ್ ಎಂದು ತೀರ್ಮಾನವಾಯಿತು. ರೇಡಿಯೇಷನ್ ವಾರಕ್ಕೆ ಐದು ದಿನ, ಐದು ವಾರ ದಾಟುವವರೆಗೆ. ಆ ಕೋಣೆಯ ಟೆಕ್ನಿಷಿಯನ್‌ಗಳನ್ನು ಅಪ್ಪ ಇವತ್ತಿಗೂ ನೆನೆಯುತ್ತಾರೆ. ಮೂತ್ರಕೋಶ ತುಂಬಿರಬೇಕು, ಆಗ ಸಣ್ಣ ಕರುಳು ಮೇಲಕ್ಕೆ ಸರಿದು ಕಿರಣದ ದಾರಿಯಿಂದ ತಪ್ಪಿಸಿಕೊಳ್ಳುತ್ತದೆ. ಸುಮ್ನೆ "ನೀರು ಕುಡಿದು ಬನ್ನಿ" ಅಂದಿದ್ದರೆ ಅಪ್ಪ ಗಂಟೆಗಟ್ಟಲೆ ಒದ್ದಾಡಬೇಕಿತ್ತು. ಸರದಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳಿ, ಈಗ ಕುಡಿಯಿರಿ ಅಂತ ಅವರೇ ಬಂದು ಹೇಳುತ್ತಿದ್ದರು. ಕೊನೆಯ ವಾರಗಳಲ್ಲಿ ಚರ್ಮ ಉರಿಯುತ್ತದೆ, ಪದೇ ಪದೇ ಟಾಯ್ಲೆಟ್‌ಗೆ ಹೋಗಬೇಕು ಅನ್ನಿಸುತ್ತದೆ, ಚಿಕಿತ್ಸೆ ಮುಗಿದ ಮೇಲೂ ಸ್ವಲ್ಪ ದಿನ ಹಾಗೇ ಇರುತ್ತದೆ ಎಂದು ಮೊದಲೇ ತಿಳಿಸಿದ್ದರು. ಹೇಳಿದ ಹಾಗೇ ಆಯಿತು. ಮೊದಲೇ ಗೊತ್ತಿದ್ದರಿಂದ ಅಪ್ಪ ಹೆದರಲಿಲ್ಲ.

ದಿನಾ ಕರೆದುಕೊಂಡು ಹೋಗಿ ಬಂದ ಗೆಳೆಯರೇ, ನಿಮ್ಮ ಹೆಸರು ಇಲ್ಲಿ ಬರೆಯುತ್ತಿಲ್ಲ, ನಿಮಗೇ ಗೊತ್ತು. ವಾರದ ದಿನಗಳನ್ನು ನಿಮ್ಮಲ್ಲೇ ಹಂಚಿಕೊಂಡಿರಿ. ಕಾರು ಹತ್ತಿದ ಕೂಡಲೇ "ಇವತ್ತು ಮಾತಾಡೋಣವಾ, ಸುಮ್ನೆ ಇರೋಣವಾ?" ಅಂತ ಅಪ್ಪನನ್ನೇ ಕೇಳುತ್ತಿದ್ದಿರಂತೆ. ಅದು ಅಪ್ಪನಿಗೆ ಎಷ್ಟು ಹಿತವಾಗಿತ್ತು ಅಂತ ನನಗೆ ಗೊತ್ತಾಗಿದ್ದು ಬಹಳ ತಡವಾಗಿ, ಅವರೇ ಹೇಳಿದಾಗ.

ಕೀಮೊ ವಾರ್ಡಿನ ಸಿಸ್ಟರ್, ನಿಮಗೂ. ಡ್ರಿಪ್‌ನಲ್ಲಿ ಆಕ್ಸಾಲಿಪ್ಲಾಟಿನ್ ಅನ್ನುವ ಕೀಮೊ ಔಷಧ ಹಾಕಿಸಿಕೊಂಡ ದಿನಗಳಲ್ಲಿ ತಣ್ಣನೆಯದು ಏನೂ ಆಗದು. ಫ್ರಿಜ್ಜಿಗೆ ಕೈ ಹಾಕಿದರೆ ಬೆರಳು ಜುಮ್ಮೆನ್ನುತ್ತದೆ, ತಣ್ಣೀರು ಕುಡಿದರೆ ಗಂಟಲು ಬಿಗಿದಂತಾಗುತ್ತದೆ. ಇದನ್ನು ನೀವು ಮೊದಲ ಬಾಟಲಿ ಏರಿಸುವ ಮುಂಚೆಯೇ ಅಪ್ಪನಿಗೆ ಹೇಳಿದ್ದಿರಿ. ಪ್ರತಿ ಸಲ ಅಂಗೈ, ಅಂಗಾಲು ತೋರಿಸಿ ಅನ್ನುತ್ತಿದ್ದಿರಿ. ಕ್ಯಾಪೆಸಿಟಾಬಿನ್ ಅನ್ನುವ ಕೀಮೊ ಮಾತ್ರೆಯಿಂದ ಅಲ್ಲಿ ಚರ್ಮ ಕೆಂಪಾಗಿ ಸುಲಿಯಬಹುದು, ಅದನ್ನು ಸಹಿಸಿಕೊಂಡು ಬಚ್ಚಿಡಬೇಡಿ, ಡೋಸ್ ಬದಲಿಸಲು ಆಗುತ್ತದೆ ಎಂದಿರಿ. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಫೋನ್ ಮಾಡಿ ಎಂದು ಅಮ್ಮನ ಪುಸ್ತಕದಲ್ಲಿ ನಿಮ್ಮ ಕೈಯಿಂದಲೇ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಿರಿ.

ಇದೆಲ್ಲ ಮುಗಿದು ಮತ್ತೆ ಎಂಆರ್‌ಐ ಮಾಡಿದಾಗ ಗಡ್ಡೆ ಬಹಳ ಕುಗ್ಗಿತ್ತು, ಪೂರ್ತಿ ಹೋಗಿರಲಿಲ್ಲ. "ಹಾಗಾದರೆ ಆಪರೇಷನ್ ಬೇಡ ಅನ್ನಬಹುದಾ?" ಎಂದು ಅಪ್ಪ ಕೇಳಿದರು. ಮೇಡಂ ಆ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. ಬ್ರೆಜಿಲ್‌ನ ಸರ್ಜನ್ ಆಂಜೆಲಿಟಾ ಹಬರ್-ಗಾಮಾ ಅವರ ಬಗ್ಗೆ ಹೇಳಿದರು. ರೇಡಿಯೇಷನ್, ಕೀಮೊ ಆದ ಮೇಲೆ ಗಡ್ಡೆ ಪೂರ್ತಿ ಮಾಯವಾದವರನ್ನು ಕತ್ತರಿಸದೆ, ಬಿಗಿಯಾಗಿ ತಪಾಸಣೆ ಮಾಡುತ್ತಾ ಕಾಯಬಹುದು ಎಂದು ಅವರು 2004ರಲ್ಲಿ ತಮ್ಮ ರೋಗಿಗಳ ಫಲಿತಾಂಶ ಪ್ರಕಟಿಸಿದ್ದರು. ಈಗ ಆ ದಾರಿಯಲ್ಲಿ ಹೋಗುವವರು ಎಷ್ಟೋ ಜನ ಇದ್ದಾರೆ. "ನಿಮ್ಮಲ್ಲಿ ಸ್ವಲ್ಪ ಉಳಿದಿದೆ, ಅದಕ್ಕೇ ನಿಮಗೆ ನಾನು ಅದನ್ನು ಹೇಳಲಾರೆ" ಎಂದರು. ಅಪ್ಪ ಒಪ್ಪಿದರು. ಕಾರಣ ತಿಳಿದು ಒಪ್ಪಿದರು.

ಆಪರೇಷನ್ನಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಗಡ್ಡೆಯನ್ನು ಸುತ್ತಲಿನ ಕೊಬ್ಬಿನ ಹೊದಿಕೆ ಸಮೇತ, ಎಲ್ಲೂ ಹರಿಯದಂತೆ ಬಿಡಿಸಿ ತೆಗೆದರು. ಈ ಕ್ರಮವನ್ನು ಜಗತ್ತಿಗೆ ತಿಳಿಸಿದವರು ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನ ಸರ್ಜನ್ ಬಿಲ್ ಹೀಲ್ಡ್. ಆ ಹೊದಿಕೆಯಲ್ಲಿ ಉಳಿದ ಕ್ಯಾನ್ಸರಿನ ಚೂರುಗಳೇ ಕ್ಯಾನ್ಸರ್ ಅದೇ ಜಾಗದಲ್ಲಿ ಮರಳಲು ಕಾರಣ ಎಂದು ಅವರು 1982ರಲ್ಲಿ ಬರೆದರು. ನಮ್ಮ ಅಪ್ಪ ಅವರನ್ನು ನೋಡಿಲ್ಲ, ನೋಡುವುದೂ ಇಲ್ಲ. ಆದರೂ ಈ ಪಟ್ಟಿಯಲ್ಲಿ ಅವರ ಹೆಸರು ಇರಲೇಬೇಕು ಅನ್ನಿಸಿತು.

ಇನ್ನು ಸ್ಟೋಮಾ ನರ್ಸ್. ಇವರ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ.

ಕರುಳನ್ನು ಜೋಡಿಸಿದ ಜಾಗ ಮಾಯುವವರೆಗೆ ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ತೆರೆದು, ಸ್ಟೋಮಾ ಅನ್ನುವ ಆ ಬಾಯಿಗೆ ಮಲ ಸೇರುವ ಬ್ಯಾಗ್ ಹಾಕುತ್ತಾರೆ ಎಂದು ಗೊತ್ತಾದಾಗ ಅಪ್ಪ ಮಾತೇ ಬಿಟ್ಟಿದ್ದರು. ಕ್ಯಾನ್ಸರ್ ಅಂದಾಗಲೂ ಹಾಗಾಗಿರಲಿಲ್ಲ. ಆಪರೇಷನ್‌ಗೆ ಮೊದಲೇ ಈ ಸಿಸ್ಟರ್ ಬಂದರು. ಅಪ್ಪನನ್ನು ಕೂರಿಸಿದರು, ನಿಲ್ಲಿಸಿದರು, ಬಗ್ಗಿಸಿದರು. ಬೆಲ್ಟ್ ಎಲ್ಲಿ ಕಟ್ಟುತ್ತೀರಿ, ಹೊಟ್ಟೆಯ ಮಡಿಕೆ ಎಲ್ಲಿ ಬರುತ್ತದೆ, ನಿಮ್ಮ ಕಣ್ಣಿಗೆ ಯಾವ ಜಾಗ ಸರಿಯಾಗಿ ಕಾಣುತ್ತದೆ ಎಂದು ನೋಡಿ ಪೆನ್ನಿನಿಂದ ಗುರುತು ಹಾಕಿದರು. "ಕೆಂಪಗೆ, ಒದ್ದೆಯಾಗಿ ಇರುತ್ತೆ. ಮುಟ್ಟಿದರೆ ನೋವಾಗಲ್ಲ. ವಾಸನೆ ಹೊರಗೆ ಬರುತ್ತಿದ್ದರೆ ಬ್ಯಾಗ್ ಸರಿಯಾಗಿ ಕೂತಿಲ್ಲ ಅಂತ ಅರ್ಥ, ಸರಿಮಾಡಬಹುದು" ಎಂದರು. ಆಮೇಲೆ ಬ್ಯಾಗ್ ಹಾಕಿಕೊಂಡೇ ಕೆಲಸಕ್ಕೆ ಹೋಗುವ ಒಬ್ಬರನ್ನು ಕರೆಸಿದರು. ಅವರು ಅಪ್ಪನ ಮುಂದೆ ಶರ್ಟ್ ಎತ್ತಿ ತೋರಿಸಿದರು. ಅಲ್ಲಿಯವರೆಗೆ ಅವರಿಗೂ ಬ್ಯಾಗ್ ಇದೆ ಅಂತ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಸಾರ್, ನೀವು ಅವತ್ತು ಬಂದಿದ್ದು ದೊಡ್ಡ ಉಪಕಾರ. ಅಪ್ಪ ಅವತ್ತು ಸಂಜೆ ಮತ್ತೆ ಮಾತಾಡಿದರು.

ಆಪರೇಷನ್ ಆದ ಮೇಲೆ ಬ್ಯಾಗ್ ಬದಲಿಸುವುದನ್ನು ಸಿಸ್ಟರ್ ಅಮ್ಮನಿಗೆ ಕಲಿಸಲಿಲ್ಲ, ನನಗೂ ಕಲಿಸಲಿಲ್ಲ. ಅಪ್ಪನಿಗೇ ಕಲಿಸಿದರು. ನಾವು ನೋಡುತ್ತಾ ಪಕ್ಕದಲ್ಲಿದ್ದೆವು. ಮೂರರಲ್ಲಿ ಒಂದು ಪಾಲು ತುಂಬಿದ ಕೂಡಲೇ ಖಾಲಿ ಮಾಡಬೇಕು. ಅಂಟಿನ ಹಾಳೆಯಲ್ಲಿ ಕತ್ತರಿಸುವ ರಂಧ್ರ ಸ್ಟೋಮಾಕ್ಕಿಂತ ಒಂಚೂರು ಮಾತ್ರ ದೊಡ್ಡದಿರಬೇಕು, ಜಾಸ್ತಿ ದೊಡ್ಡದಾದರೆ ಸಣ್ಣ ಕರುಳಿನ ಜೀರ್ಣರಸ ಚರ್ಮ ಸುಡುತ್ತದೆ. ಎಷ್ಟು ಹೊರಗೆ ಬಂತು ಎಂದು ಅಳೆದು ಬರೆಯಬೇಕು. ಆ ಕೊನೆಯ ಮಾತು ಬಹಳ ದೊಡ್ಡದು. ಒಂದು ರಾತ್ರಿ ನೀರಿನ ಹಾಗೆ ಹೋಗತೊಡಗಿತು. ಅಪ್ಪನ ನಾಲಿಗೆ ಒಣಗಿತ್ತು, ಎದ್ದರೆ ತಲೆ ಸುತ್ತು. ಬರೆದಿಟ್ಟ ಅಳತೆಗಳನ್ನು ಅಪ್ಪನೇ ಫೋನಿನಲ್ಲಿ ಓದಿ ಹೇಳಿದರು. ಈಗಲೇ ಆಸ್ಪತ್ರೆಗೆ ಬನ್ನಿ ಎಂದು ಸಿಸ್ಟರ್ ಹೇಳಿದರು. ಡ್ರಿಪ್ ಹಾಕಿ, ಲವಣಾಂಶ ಸರಿಪಡಿಸಿ ಕಳಿಸಿದರು. ಈ ಬಗೆಯ ಸ್ಟೋಮಾ ಇರುವವರಿಗೆ ದೇಹದ ನೀರು ಖಾಲಿಯಾಗುವುದು ನಿಜವಾದ ಅಪಾಯ. ಬರೀ ನೀರು ಕುಡಿಸಿದರೆ ಸಾಲದು, ಓಆರ್‌ಎಸ್ ಬೇಕು.

ಇಂಥ ಸಿಸ್ಟರ್‌ಗಳ ವೃತ್ತಿ ಶುರುವಾಗಿದ್ದು ಒಬ್ಬ ರೋಗಿಯಿಂದಲೇ ಅಂತ ಆಮೇಲೆ ಓದಿ ತಿಳಿದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಆಪರೇಷನ್ ಮಾಡಿಸಿಕೊಂಡು ಸ್ವತಃ ಸ್ಟೋಮಾದ ಜೊತೆ ಬದುಕಿದ್ದ ನಾರ್ಮಾ ಗಿಲ್ ಅವರನ್ನು ಸರ್ಜನ್ ರೂಪರ್ಟ್ ಟರ್ನ್‌ಬುಲ್ 1958ರಲ್ಲಿ ಬೇರೆ ರೋಗಿಗಳಿಗೆ ಕಲಿಸುವ ಕೆಲಸಕ್ಕೆ ಕರೆದುಕೊಂಡರು. ಅಪ್ಪನಿಗೆ ಇದನ್ನು ಓದಿ ಹೇಳಿದೆ. ಅವರು ಈಗ, ಆಪರೇಷನ್‌ಗೆ ಕಾಯುತ್ತಿರುವವರು ಇದ್ದರೆ ತಮ್ಮನ್ನೂ ಕರೆಯಿರಿ ಎಂದು ಸಿಸ್ಟರಿಗೆ ಹೇಳಿದ್ದಾರೆ.

ಸ್ಟೋಮಾ ಮುಚ್ಚಿದ ಮೇಲೆ ಎಲ್ಲ ಮೊದಲಿನಂತಾಗುತ್ತದೆ ಅಂತ ಯಾರೂ ನಮಗೆ ಸುಳ್ಳು ಭರವಸೆ ಕೊಡಲಿಲ್ಲ. ಅದಕ್ಕೂ ಧನ್ಯವಾದ. ಮಲ ಕೂಡಿಟ್ಟುಕೊಳ್ಳುವ ಚೀಲವಾಗಿದ್ದ ಗುದನಾಳದ ಬಹುಪಾಲು ಈಗಿಲ್ಲ. ಪದೇ ಪದೇ ಹೋಗಬೇಕಾಗುತ್ತದೆ, ತಡೆಯಲು ಸಮಯವೇ ಸಿಗುವುದಿಲ್ಲ. ಫಿಸಿಯೋಥೆರಪಿಯವರು ಕೆಳಸ್ನಾಯುಗಳ ವ್ಯಾಯಾಮ ಕಲಿಸಿದರು, ಡಾಕ್ಟರು ಮಾತ್ರೆಯ ಲೆಕ್ಕ ಹೊಂದಿಸಿದರು. ನಿಧಾನಕ್ಕೆ ಸುಧಾರಿಸುತ್ತಿದೆ. ಬಾಗಿಲ ಹತ್ತಿರದ ಕುರ್ಚಿ ಅಪ್ಪನಿಗೇ ಬಿಟ್ಟುಕೊಡುವ ಸ್ನೇಹಿತರಿಗೆ, ಮಾತಿನ ಮಧ್ಯೆ ಅವರು ಎದ್ದು ಹೋದರೂ ಏನೂ ಕೇಳದೆ, ಬಂದ ಮೇಲೆ ಅದೇ ಮಾತು ಮುಂದುವರಿಸುವವರಿಗೆ ನಮಸ್ಕಾರ.

ಅಮ್ಮ, ಅಕ್ಕ, ಭಾವ ಇವರಿಗೆ ಇಲ್ಲಿ ಬರೆದು ಹೇಳುವುದು ಬೇಡ, ಮನೆಯಲ್ಲೇ ಹೇಳುತ್ತೇನೆ.

ಕೊನೆಗೆ ಅಪ್ಪನಿಗೇ ಒಂದು ಧನ್ಯವಾದ. ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಈ ಕ್ಯಾನ್ಸರ್ ಬಂದಿದ್ದರೆ 40ನೇ ವಯಸ್ಸಿಗೆ, ಇಲ್ಲವೇ ಅವರಿಗೆ ಕಾಯಿಲೆ ಗೊತ್ತಾದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮೊದಲೋ ಆಗ ಕೊಲೊನೋಸ್ಕೋಪಿ ಮಾಡಿಸಿಕೊಳ್ಳಬೇಕು ಎಂದು ಮೇಡಂ ಹೇಳಿದ್ದರು. ಅಪ್ಪ ಕೀಮೊ ನಡೆಯುತ್ತಿದ್ದಾಗಲೇ ಚಿಕ್ಕಪ್ಪನಿಗೆ ತಾವೇ ಫೋನ್ ಮಾಡಿದರು. ಮುಚ್ಚುಮರೆ ಇಲ್ಲದೆ ಎಲ್ಲ ಹೇಳಿ, ಹೋಗಿ ಮಾಡಿಸಿಕೋ ಎಂದರು. ಚಿಕ್ಕಪ್ಪನ ಕರುಳಿನಲ್ಲಿ ಒಂದು ಪಾಲಿಪ್, ಅಂದರೆ ಒಳಗೋಡೆಯ ಮೇಲೆ ಬೆಳೆದ ಸಣ್ಣ ಗಂಟು, ಸಿಕ್ಕಿತು, ಅಲ್ಲೇ ತೆಗೆದರು. ಅದು ಕ್ಯಾನ್ಸರ್ ಆಗಿರಲಿಲ್ಲ. ಅಕ್ಕ ಮತ್ತು ನಾನೂ ಮಾಡಿಸಿಕೊಂಡೆವು, ಇಬ್ಬರದೂ ಚೆನ್ನಾಗಿದೆ.

ಮುಂದಿನ ರಕ್ತ ಪರೀಕ್ಷೆ ಮೂರು ತಿಂಗಳ ನಂತರ. ಹೇಗಿದ್ದಾರೆ ಎಂದು ನನ್ನನ್ನು ಕೇಳುವವರು ದಯವಿಟ್ಟು ಅಪ್ಪನಿಗೇ ಫೋನ್ ಮಾಡಿ. ಬೆಳಗಿನ ಹೊತ್ತು ಅವರಿಗೆ ಇನ್ನೂ ಸ್ವಲ್ಪ ಕಷ್ಟ. ಸಂಜೆ ಆರಾಮಾಗಿ ಮಾತಾಡುತ್ತಾರೆ.