ಪ್ರವಾದಿಯವರನ್ನು ಅವತಾರವೆನ್ನುವುದು ಸರಿಯಲ್ಲ

ಮಾನ್ಯ ಸಂಪಾದಕರೇ,

ನಮ್ಮ ಮಂಡ್ಯ, ಮೈಸೂರು ಕಡೆಯ ಸೌಹಾರ್ದ ಸಭೆಗಳಲ್ಲಿ ಭಾಷಣಕಾರರು ರಾಮ, ಕೃಷ್ಣರ ಸಾಲಿಗೆ ಯೇಸು ಹಾಗೂ ಪ್ರವಾದಿ ಮುಹಮ್ಮದರನ್ನೂ ಸೇರಿಸಿ, ಎಲ್ಲರೂ ಒಬ್ಬನೇ ದೇವರ ಅವತಾರಗಳೆಂದು ಹೇಳುವುದನ್ನು ಬಹುಕಾಲದಿಂದ ಕೇಳುತ್ತ ಬಂದಿದ್ದೇನೆ. ಅವರ ಸದುದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಈ ಮಾತನ್ನು ಮುಸ್ಲಿಮರು ಒಪ್ಪಲಾರರು, ಕ್ರೈಸ್ತರೂ ಪೂರ್ತಿಯಾಗಿ ಒಪ್ಪಲಾರರು.

ಇಸ್ಲಾಮಿನ ಪ್ರಕಾರ ದೇವರು ಮನುಷ್ಯರೂಪ ತಾಳುವುದಿಲ್ಲ. ಪ್ರವಾದಿಯವರು ದೇವರ ದಾಸರು, ಸಂದೇಶವಾಹಕರು. ಹಾಗೆಂದು ಆ ದೇವರು ದೂರದಲ್ಲಿರುವವನಲ್ಲ. ಮನುಷ್ಯನಿಗೆ ಅವನ ಕಂಠನಾಡಿಗಿಂತಲೂ ಸಮೀಪವಿದ್ದಾನೆಂದು ಕುರ್‌ಆನಿನ 50ನೇ ಅಧ್ಯಾಯ ಹೇಳುತ್ತದೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಟ್ಟಿಸಿದ ಜೋಡಿ ಮಿನಾರುಗಳ ಮಸೀದಿಯೊಳಗೆ, ಗರ್ಭಗುಡಿಯ ಮೂರ್ತಿ ನೋಡಿ ರೂಢಿಯಾದ ಕಣ್ಣು ಎದುರು ಗೋಡೆಯಲ್ಲಿ ಏನನ್ನೋ ಹುಡುಕುತ್ತದೆ. ಅಲ್ಲಿರುವುದು ಮಿಹ್ರಾಬ್ ಎಂಬ ಬರಿದಾದ ಕಮಾನುಗೂಡು; ಅದು ಮೆಕ್ಕಾದ ಕಅಬಾ ಇರುವ ದಿಕ್ಕನ್ನು ತೋರಿಸುತ್ತದೆ. ದೇವರ ಮನೆಯೆಂದು ಕರೆಯುವ ಆ ಕಅಬಾದೊಳಗೂ ವಿಗ್ರಹವಿಲ್ಲ, ದೇವರು ಅಲ್ಲಿ ವಾಸವಾಗಿದ್ದಾನೆಂಬ ನಂಬಿಕೆಯೂ ಇಲ್ಲ.

ಕ್ರೈಸ್ತರಿಗಾದರೋ ದೇವರ ವಾಕ್ಯವೇ ಯೇಸುವಾಗಿ ನರದೇಹ ತಳೆದು ನಮ್ಮ ನಡುವೆ ವಾಸಿಸಿತೆಂಬುದು ನಂಬಿಕೆಯ ಬುಡ. ಬೈಬಲಿನ ಯೋಹಾನನ ಸುವಾರ್ತೆ ಮೊದಲ ಅಧ್ಯಾಯದಲ್ಲೇ ಇದನ್ನು ಸಾರುತ್ತದೆ. ಅವತಾರಕ್ಕೆ ಹತ್ತಿರವೆನಿಸಿದರೂ ಇದು ಯುಗಯುಗಕ್ಕೂ ಮರಳುವಂಥದ್ದಲ್ಲ, ಒಮ್ಮೆ ಮಾತ್ರ ಆದದ್ದು. ಮೈಸೂರಿನ ಸಂತ ಫಿಲೋಮಿನಾ ಚರ್ಚಿನಂಥ ಕಥೋಲಿಕ ಚರ್ಚುಗಳಲ್ಲಿ ಪರಮಪ್ರಸಾದ ಇರಿಸುವ ಪೆಟ್ಟಿಗೆಯ ಬಳಿ ಪುಟ್ಟ ದೀಪವೊಂದು, ಸಾಮಾನ್ಯವಾಗಿ ಕೆಂಪು ಗಾಜಿನದು, ನಮ್ಮ ನಂದಾದೀಪದಂತೆ ಹಗಲಿರುಳು ಉರಿಯುತ್ತದೆ. ಬಲಿಪೂಜೆ ಎಂಬ ಆರಾಧನೆಯಲ್ಲಿ ಅರ್ಪಿಸಿದ ಆ ಪ್ರಸಾದದ ರೊಟ್ಟಿಯಲ್ಲಿ ಕ್ರಿಸ್ತನು ನಿಜವಾಗಿಯೂ ಇದ್ದಾನೆಂಬುದಕ್ಕೆ ಅದೇ ಗುರುತು. (ಕ್ರೈಸ್ತರ ಇನ್ನೊಂದು ಪಂಗಡವಾದ ಪ್ರಾಟೆಸ್ಟೆಂಟರಲ್ಲಿ ಹಲವರು ಇದನ್ನು ಒಪ್ಪುವುದಿಲ್ಲ.)

ಇವೆರಡಕ್ಕೂ ಹಿಂದಿನ ಯೆಹೂದಿ ಧರ್ಮದಲ್ಲಿ ದೈವಸಾನ್ನಿಧ್ಯವನ್ನು ಶೆಖೀನಾ ಎನ್ನುತ್ತಾರೆ. 'ನೆಲೆಸು' ಎಂಬ ಅರ್ಥದ ಹೀಬ್ರೂ ಧಾತುವಿನಿಂದ ಬಂದ ಪದವದು. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ನೆಲಸಮ ಮಾಡಿದರು. ಆ ಬಳಿಕವೂ, ಇಬ್ಬರು ಕುಳಿತು ಧರ್ಮಗ್ರಂಥದ ಮಾತಾಡಿಕೊಂಡರೆ ಅವರ ನಡುವೆ ಶೆಖೀನಾ ಇರುತ್ತದೆಂದು ಯೆಹೂದಿ ಗುರುಗಳು ಕಲಿಸಿದರು. ಊರು ಬಿಟ್ಟು ಚದುರಿಹೋದ ಜನಕ್ಕೆ ಅದೆಷ್ಟು ದೊಡ್ಡ ಆಸರೆಯಾಗಿದ್ದಿರಬೇಕು.

ಮೇಲುಕೋಟೆಯ ಚೆಲುವನಾರಾಯಣನ ಮೂರ್ತಿಯಲ್ಲಿ ಭಗವಂತನು ಸಾಕ್ಷಾತ್ ಇದ್ದಾನೆಂದು ನಂಬಿದ ಶ್ರೀವೈಷ್ಣವರ ಮುಂದೆ ಯಾರಾದರೂ ಅದು ಬರೀ ಸಂಕೇತವೆಂದರೆ ಎಷ್ಟು ನೋವಾಗುತ್ತದೋ, ಪ್ರವಾದಿಯವರನ್ನು ಅವತಾರವೆಂದಾಗ ಮುಸ್ಲಿಮರಿಗೂ ಅಷ್ಟೇ ನೋವಾಗುತ್ತದೆ. ಆದ್ದರಿಂದ ಇಂಥ ಸಭೆಗಳ ಸಂಘಟಕರು, ಆಯಾ ಧರ್ಮದ ದೇವರ ಕಲ್ಪನೆಯನ್ನು ಆ ಧರ್ಮದವರಿಂದಲೇ ಹೇಳಿಸಿ, ಸಭಿಕರು ಪ್ರಶ್ನೆ ಕೇಳಲು ಅರ್ಧ ಗಂಟೆಯನ್ನಾದರೂ ಮೀಸಲಿಡಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಶಿಕ್ಷಕ, ಶ್ರೀರಂಗಪಟ್ಟಣ