ಬೋರ್ಡಿನ ಮುಖ ನೋಡಿದ್ದು ಸಾಕು, ಅಂಚು ನೋಡಿ

ಮಾನ್ಯ ಸಂಪಾದಕರೇ,

ಮನೆ ಅಲಂಕಾರದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳನ್ನು ನಾನು ಬಿಡದೆ ಓದುತ್ತೇನೆ. ಕಪಾಟಿಗೆ ಯಾವ ಬಣ್ಣ, ಹಿಡಿ ಎಂಥದ್ದು, ಲೈಟ್ ಎಲ್ಲಿರಬೇಕು ಎಂಬುದೆಲ್ಲ ಚೆನ್ನಾಗಿಯೇ ಇರುತ್ತದೆ. ಆದರೆ ಬೋರ್ಡಿನ ಮಾತು ಬಂತೋ, ‘ವಾಟರ್‌ಪ್ರೂಫ್ ಬೋರ್ಡ್ ಬಳಸಿ’ ಎಂದು ಒಂದು ಸಾಲು ಬರೆದು ಮುಂದೆ ಹೋಗಿಬಿಡುತ್ತಾರೆ. ಬಣ್ಣ ಬೇಸರವಾದರೆ ಬದಲಿಸಬಹುದು, ಊದಿಕೊಂಡ ಬೋರ್ಡನ್ನು ಏನು ಮಾಡೋದು? ಬಿಡುವಿನಲ್ಲಿ ಮನೆಯ ಕಪಾಟು, ಶೆಲ್ಫು, ಮೇಜುಗಳನ್ನು ಸ್ವಂತ ಕೈಯಲ್ಲೇ ಮಾಡಿಕೊಳ್ಳುವ ನನಗೆ ಈ ಒಂದು ಸಾಲಿನ ಸಲಹೆಯ ಮೇಲೆ ತಕರಾರಿದೆ.

ಪ್ಲೈವುಡ್ಡಿನಿಂದಲೇ ಶುರು ಮಾಡುತ್ತೇನೆ. ಅದರ ಮೇಲಿನ ವಾಟರ್‌ಪ್ರೂಫ್ ಮುದ್ರೆ ಅಂಟಿಗೆ ಸಂಬಂಧಪಟ್ಟದ್ದು, ಮರಕ್ಕಲ್ಲ. ಫಿನಾಲ್ ಫಾರ್ಮಾಲ್ಡಿಹೈಡ್ ಅಂಟು ಹಾಕಿದ ಒಳ್ಳೆಯ ಪ್ಲೈ ನೀರಿನಲ್ಲಿ ಕುದಿಸಿದರೂ ಪದರ ಬಿಡುವುದಿಲ್ಲ. ಬಿಡಬ್ಲ್ಯುಪಿ, ಅಂದರೆ ಕುದಿಯುವ ನೀರನ್ನೂ ತಡೆಯುವ ದರ್ಜೆಯ ತುಂಡನ್ನು ಪರೀಕ್ಷೆಯಲ್ಲಿ 72 ಗಂಟೆ ಕುದಿಸುತ್ತಾರೆ. ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಾದರೆ ಬಿಸಿ, ತೇವ ಎರಡೂ ಸೇರಿದ ಕಡೆ ನಿಧಾನವಾಗಿ ಹಿಡಿತ ಕಳೆದುಕೊಳ್ಳುತ್ತದೆ. ಅಷ್ಟು ವ್ಯತ್ಯಾಸ ಇದೆ, ಒಪ್ಪೋಣ. ಆದರೆ ಅಂಟು ಎಷ್ಟೇ ಗಟ್ಟಿಯಾಗಿದ್ದರೂ ಒಳಗಿರೋದು ಮರವೇ. ಅದು ನೀರು ಕುಡಿಯುತ್ತದೆ, ಉಬ್ಬುತ್ತದೆ, ಬಹಳ ದಿನ ಒದ್ದೆಯಾಗಿಯೇ ಇದ್ದರೆ ಕೊಳೆಯುತ್ತದೆ. ಮರದ ತೇವಾಂಶ ಶೇ 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರಕ್ಕೆ ಬೆಳೆಯಲು ಆಗುವುದಿಲ್ಲ. ಹಾಗಾಗಿ ದುಬಾರಿ ಪ್ಲೈ ತಂದೆವು, ಇನ್ನು ಚಿಂತೆಯಿಲ್ಲ ಅಂತ ಕೂರೋ ಹಾಗಿಲ್ಲ. ನೀರು ಒಳಗೆ ಹೋಗದಂತೆ, ಹೋದರೂ ಆರುವಂತೆ ನೋಡಿಕೊಳ್ಳುವ ಕೆಲಸ ನಮಗೆ ಉಳಿದೇ ಇರುತ್ತದೆ.

ಎಂಡಿಎಫ್ ಮತ್ತು ಪಾರ್ಟಿಕಲ್ ಬೋರ್ಡ್ ಇನ್ನೂ ಸೂಕ್ಷ್ಮ. ಒಂದರಲ್ಲಿ ಮರದ ನಾರು, ಇನ್ನೊಂದರಲ್ಲಿ ಮರದ ಚೂರು. ಎರಡನ್ನೂ ಅಂಟು ಬೆರೆಸಿ ಬಿಸಿ ಪ್ರೆಸ್ಸಿನಲ್ಲಿ ಒತ್ತಿ ಮಾಡುತ್ತಾರೆ, ಅಂದರೆ ಒತ್ತಿ ಕಟ್ಟಿಟ್ಟ ಸ್ಪಂಜಿನ ಹಾಗೆ. ನೀರು ತಾಗಿದರೆ ಕಟ್ಟು ಸಡಿಲವಾಗಿ ಒಳಗಿನದು ಎದ್ದು ನಿಲ್ಲುತ್ತದೆ, ಒಣಗಿದ ಮೇಲೂ ಹಳೆಯ ದಪ್ಪಕ್ಕೆ ಮರಳುವುದಿಲ್ಲ. ಇನ್ನೊಂದು ವಿಷಯ, ಇದನ್ನು ಯಾರೂ ಹೇಳೋದೇ ಇಲ್ಲ: ಈ ಬೋರ್ಡುಗಳಲ್ಲಿ ಮೇಲಿನ ಮತ್ತು ಕೆಳಗಿನ ಪದರ ಬಿಗಿಯಾಗಿರುತ್ತದೆ, ನಡುಭಾಗ ಸಡಿಲ. ಬೋರ್ಡು ಇಡಿಯಾಗಿದ್ದಾಗ ಎರಡು ಕಡೆಯ ಬಿಗಿ ಪದರ ಕಾಪಾಡುತ್ತಿರುತ್ತದೆ, ನಾವು ಗರಗಸ ಹಾಕಿ ಕತ್ತರಿಸಿದೆವೋ ಸಡಿಲವಾದ ಹೊಟ್ಟೆ ಹೊರಗೆ ತೆರೆದುಕೊಳ್ಳುತ್ತದೆ. ಹಾಗಿರುವಾಗ ಮುಖಕ್ಕೆ ಎಷ್ಟು ದಪ್ಪದ ಲ್ಯಾಮಿನೇಟ್ ಅಂಟಿಸಿದರೂ ಏನು ಬಂತು, ನೀರು ಬರೋದು ಅಂಚಿನಿಂದ!

ಹಸಿರು ಬಣ್ಣದ ಎಂಡಿಎಫ್ ಬಗ್ಗೆಯೂ ಒಂದು ಮಾತು. ತೇವ ತಡೆಯುವ ದರ್ಜೆ ಎಂದು ಗುರುತಿಸಲು ಅದಕ್ಕೆ ಹಸಿರು ಬಣ್ಣ ಸೇರಿಸುವುದು ರೂಢಿ. ಬಣ್ಣಕ್ಕೂ ನೀರು ತಡೆಯುವುದಕ್ಕೂ ಯಾವ ಸಂಬಂಧವೂ ಇಲ್ಲ, ಕೆಲಸ ಮಾಡುವುದು ಮೆಲಮೈನ್ ಸೇರಿಸಿದ ಅಂಟು ಮತ್ತು ಮೇಣ. ಸಾಧಾರಣ ಬೋರ್ಡಿಗೂ ಅದೇ ಬಣ್ಣ ಹಾಕಬಹುದು, ಯಾರು ಬೇಡ ಅಂತಾರೆ? ಅನುಮಾನ ಇದ್ದರೆ ಕೊಳ್ಳುವ ಮೊದಲು ಎರಡು ಬೋರ್ಡುಗಳಿಂದ ಒಂದೇ ಅಳತೆಯ ಚಿಕ್ಕ ತುಂಡು ಕೇಳಿ ತಂದು, ವರ್ನಿಯರ್‌ನಲ್ಲಿ ದಪ್ಪ ಅಳೆದು, 24 ಗಂಟೆ ನೀರಿನಲ್ಲಿ ಮುಳುಗಿಸಿಟ್ಟು ಮತ್ತೆ ಅಳೆಯಿರಿ. ಯಾವುದು ಕಡಿಮೆ ಊದಿದೆಯೋ ಅದು. ಕಾರ್ಖಾನೆಯವರು ಮಾಡುವ ಪರೀಕ್ಷೆಯೂ ಹೆಚ್ಚುಕಡಿಮೆ ಇದೇ, ದಪ್ಪ ಶೇಕಡಾ ಎಷ್ಟು ಊದುತ್ತದೆ ಎಂಬ ಅಂಕಿ ಅವರ ಹತ್ತಿರ ಇರುತ್ತದೆ. ಅದನ್ನು ಬೋರ್ಡಿನ ಮೇಲೆ ಯಾಕೆ ಅಚ್ಚು ಹಾಕಬಾರದು? ಕಂಪನಿಯ ಹೆಸರು ಹಾಕಲು ಜಾಗ ಇದೆ, ಈ ಒಂದು ಅಂಕಿಗೆ ಇಲ್ಲವೇ? ನಿಮ್ಮಂಥ ಪತ್ರಿಕೆಗಳು ಬೋರ್ಡಿನ ಬಗ್ಗೆ ಬರೆಯುವಾಗಲಾದರೂ ಇದನ್ನು ಕೇಳಿ ಹಾಕಿದರೆ ಉಪಕಾರವಾಗುತ್ತದೆ.

ಇನ್ನು ಯಾವುದಕ್ಕೆ ಯಾವ ಬೋರ್ಡು ಎಂಬುದು. ಇದರಲ್ಲಿ ಅಂಥ ಗುಟ್ಟೇನಿಲ್ಲ, ಜಾಗ ನೋಡಿ ಆರಿಸಬೇಕು ಅಷ್ಟೆ. ಸಿಂಕ್ ಕೆಳಗೆ, ಬಚ್ಚಲುಮನೆಯ ಹತ್ತಿರ ಫಿನಾಲ್ ಅಂಟಿನ ಪ್ಲೈ ಅಥವಾ ಮರವೇ ಇಲ್ಲದ ಪಿವಿಸಿ ಬೋರ್ಡು. ಪಿವಿಸಿ ನೀರಿಗೆ ಹೆದರುವುದಿಲ್ಲ, ಬಿಸಿಗೆ ಮೆತ್ತಗಾಗುತ್ತದೆ, ಒಲೆಯ ಪಕ್ಕ ಬೇಡ. ಬಣ್ಣ ಹೊಡೆಯುವ ಬಾಗಿಲಿಗೆ ಎಂಡಿಎಫ್‌ನಷ್ಟು ನಯ ಬೇರೆ ಯಾವುದೂ ಬರುವುದಿಲ್ಲ. ಒಣ ಕೋಣೆಯ ಬಟ್ಟೆ ಬೀರುವಿಗೆ ಪಾರ್ಟಿಕಲ್ ಬೋರ್ಡ್ ಧಾರಾಳವಾಗಿ ಸಾಕು, ಅದನ್ನು ಸುಮ್ನೆ ಕೀಳಾಗಿ ನೋಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪುಸ್ತಕದ ಶೆಲ್ಫಿಗೆ ಮಾತ್ರ ಲೆಕ್ಕ ಹಾಕಿ. ಎರಡು ಆಧಾರಗಳ ನಡುವಿನ ದೂರ ಎರಡರಷ್ಟಾದರೆ, ಅಷ್ಟೇ ಒತ್ತಾಗಿ ಪುಸ್ತಕ ಜೋಡಿಸಿದಾಗ ಹಲಗೆ 16 ಪಟ್ಟು ಜಾಸ್ತಿ ಬಾಗುತ್ತದೆ. ತೇವದ ಗಾಳಿಯಲ್ಲಿ ಆ ಬಾಗು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೂ ಹೋಗುತ್ತದೆ. ನಡುವೆ ಒಂದು ಆಧಾರ ಕೊಡುವುದು ದಪ್ಪ ಬೋರ್ಡು ತರುವುದಕ್ಕಿಂತ ಅಗ್ಗ.

ಈಗ ಅಂಚಿನ ವಿಷಯ. ಕತ್ತರಿಸಿದ ಎಲ್ಲ ಅಂಚೂ ಮುಚ್ಚಬೇಕು, ಎಲ್ಲ ಅಂದರೆ ಎಲ್ಲ. ಕಣ್ಣಿಗೆ ಕಾಣುವ ಮುಂದಿನ ಅಂಚಿಗೆ ಚೆಂದದ ಎಡ್ಜ್ ಬ್ಯಾಂಡ್ (ಅಂಚು ಮುಚ್ಚುವ ತೆಳು ಪಟ್ಟಿ) ಅಂಟಿಸಿ, ಗೋಡೆಗೆ ತಾಗುವ ಹಿಂದಿನದನ್ನೂ ನೆಲಕ್ಕೆ ತಾಗುವ ಕೆಳಗಿನದನ್ನೂ ಹಾಗೇ ಬಿಡುತ್ತಾರೆ. ನೆಲ ಒರೆಸಿದ ನೀರು ನೇರವಾಗಿ ಹೋಗುವುದು ಆ ಕೆಳಗಿನ ಅಂಚಿಗೇ. ಇನ್ನು ಸಿಂಕಿಗೆ ಕೊರೆದ ಕಿಂಡಿ, ಪೈಪಿಗೆ ಕೊರೆದ ತೂತು, ಬಾಗಿಲಿನ ಹಿಂಜ್ ಕೂರಿಸಲು ಕೊರೆಯುವ 35 ಮಿಲಿಮೀಟರ್ ಗುಂಡಿ, ಇವೆಲ್ಲವೂ ಅಂಚುಗಳೇ ಎಂದು ಎಷ್ಟು ಜನಕ್ಕೆ ಹೊಳೆಯುತ್ತದೆ ಹೇಳಿ. ಬ್ಯಾಂಡ್ ಅಂಟಿಸಲು ಆಗದ ಇಂಥ ಕಡೆ ಪಾಲಿಯುರೆಥೇನ್ ವಾರ್ನಿಶ್ ಅಥವಾ ಎಪಾಕ್ಸಿಯನ್ನು ಬ್ರಷ್ಷಿನಲ್ಲಿ ಹಚ್ಚಬೇಕು. ಮೊದಲ ಕೋಟು ಪೂರ್ತಿ ಒಳಗೆ ಇಂಗಿಹೋಗುತ್ತದೆ, ಹಚ್ಚಿದ್ದು ಎಲ್ಲಿ ಹೋಯಿತು ಅನಿಸುವಷ್ಟು. ಒಣಗಿದ ಮೇಲೆ ಎದ್ದ ನಾರನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ ಇನ್ನೊಂದು, ಬೇಕಾದರೆ ಮತ್ತೊಂದು. ಅಂಚು ಒಂದೇ ಸಮನೆ ಹೊಳೆಯುವ ತನಕ ಬಿಡಬೇಡಿ. ಸಿಂಕ್ ಮತ್ತು ಪೈಪಿನ ಸುತ್ತ ಕೊನೆಗೆ ಸಿಲಿಕೋನ್ ಸೀಲೆಂಟ್.

ಬಿಳಿ ಅಂಟಿಗೆ ನೀರು ಬೆರೆಸಿ ಹಚ್ಚಿದರೆ ಸಾಕು ಎಂದು ತುಂಬ ಜನ ಹೇಳುತ್ತಾರೆ. ಒಣ ಕೋಣೆಯ ಎಂಡಿಎಫ್‌ಗೆ ಬಣ್ಣ ಹೊಡೆಯುವ ಮೊದಲು ಅದು ಸರಿ, ಅಂಚು ಬಣ್ಣವನ್ನು ಹೀರುವುದು ತಪ್ಪುತ್ತದೆ. ಒದ್ದೆಯಾಗುವ ಜಾಗಕ್ಕೆ ಅದನ್ನೇ ನಂಬಬೇಡಿ, ಸಾಮಾನ್ಯ ಬಿಳಿ ಅಂಟು ಒಣಗಿದ ಮೇಲೂ ನೀರಿಗೆ ಮೆತ್ತಗಾಗುತ್ತದೆ. ಕಚ್ಚಾ ಎಂಡಿಎಫ್ ಅಂಚಿಗೆ ನೀರಿನಲ್ಲಿ ಕಲಸುವ ಪ್ರೈಮರನ್ನು ನೇರವಾಗಿ ಹೊಡೆದರೂ ಕಷ್ಟವೇ, ನಾರು ಎದ್ದು ತರಿತರಿ ಆಗುತ್ತದೆ. ಎಡ್ಜ್ ಬ್ಯಾಂಡಿನಲ್ಲೂ ಅಂಟು ಯಾವುದು ಎಂದು ಕೇಳಿ. ಬಿಸಿ ಮಾಡಿ ಕರಗಿಸಿ ಹಚ್ಚುವ ಸಾಧಾರಣ ಹಾಟ್ ಮೆಲ್ಟ್ ಬಿಸಿಗೆ ಮತ್ತೆ ಮೆತ್ತಗಾಗುತ್ತದೆ, ಪಿಯುಆರ್ ಎಂಬ ಪಾಲಿಯುರೆಥೇನ್ ಅಂಟು ಒಮ್ಮೆ ಗಟ್ಟಿಯಾದರೆ ಕರಗುವುದಿಲ್ಲ, ನೀರನ್ನೂ ಚೆನ್ನಾಗಿ ತಡೆಯುತ್ತದೆ.

ಒಂದೇ ಮುಖಕ್ಕೆ ಲ್ಯಾಮಿನೇಟ್ ಹಾಕಿ ಹಿಂಬದಿ ಬೋಳಾಗಿ ಬಿಡುವುದು ಇನ್ನೊಂದು ಉಳಿತಾಯದ ಉಪಾಯ. ಬೋಳು ಮುಖ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಮುಚ್ಚಿದ ಮುಖ ಹಿಗ್ಗುವುದಿಲ್ಲ, ಬಾಗಿಲು ಡೊಂಕಾಗುತ್ತದೆ. ಆಮೇಲೆ ಹಿಂಜ್ ಸರಿಯಿಲ್ಲ ಎಂದು ಬಡಗಿಗೆ ಬೈಗುಳ. ಹಿಂಬದಿಗೆ ಅಗ್ಗದ್ದಾದರೂ ಸರಿ, ಒಂದು ಲ್ಯಾಮಿನೇಟ್ ಇರಲಿ. ಇದರಿಂದ ಮತ್ತೊಂದು ಲಾಭವೂ ಇದೆ. ಯೂರಿಯಾ ಅಂಟಿನ ಬೋರ್ಡು ಬಿಸಿ, ತೇವ ಜಾಸ್ತಿಯಾದಂತೆ ಫಾರ್ಮಾಲ್ಡಿಹೈಡ್ ಅನಿಲವನ್ನೂ ಜಾಸ್ತಿ ಬಿಡುತ್ತದೆ. ಇದು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಎರಡೂ ಮುಖ, ಎಲ್ಲ ಅಂಚು ಮುಚ್ಚಿದರೆ ಅದು ಹೊರಬರುವುದೂ ಕಡಿಮೆಯಾಗುತ್ತದೆ. ಮಲಗುವ ಕೋಣೆಗೆ ತರುವಾಗ ಈ ಅನಿಲ ಕಡಿಮೆ ಬಿಡುವ ಇ1 ಅಥವಾ ಇ0 ದರ್ಜೆ ಕೇಳಿ ತನ್ನಿ. ಕತ್ತರಿಸುವಾಗ ಮಾಸ್ಕ್ ಬೇಕೇ ಬೇಕು, ಎಂಡಿಎಫ್ ಹೊಟ್ಟು ಬಹಳ ನುಣ್ಣಗಿರುತ್ತದೆ.

ಬೋರ್ಡು ಎಷ್ಟೇ ಒಳ್ಳೆಯದಿರಲಿ, ಥಂಡಿ ಗೋಡೆಗೆ ಒತ್ತಿ ನಿಲ್ಲಿಸಿದರೆ ಎಲ್ಲ ವ್ಯರ್ಥ. ಗೋಡೆಯ ಮೇಲೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಬದಿ ಹನಿಗಟ್ಟಿದ್ದರೆ ತೇವ ಗೋಡೆಯಿಂದಲೇ ಬರುತ್ತಿದೆ, ಮೊದಲು ಅದನ್ನು ಸರಿಮಾಡಿಸಿ. ಹೊರಬದಿ ಹನಿ ಇದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆಯಬೇಕು. ಕಪಾಟಿಗೂ ಗೋಡೆಗೂ ನಡುವೆ ಗಾಳಿಯಾಡಲು ಬೆರಳಷ್ಟು ಸಂದು ಬಿಡಿ. ಹೊಸ ಬೋರ್ಡನ್ನು ತಂದ ದಿನವೇ ಕತ್ತರಿಸದೆ ಅದೇ ಕೋಣೆಯಲ್ಲಿ ಎರಡು ಮೂರು ದಿನ ಅಡ್ಡಲಾಗಿ, ಸಮವಾದ ಪಟ್ಟಿಗಳ ಮೇಲೆ ಮಲಗಿಸಿಡಿ. ಗೋಡೆಗೆ ಒರಗಿಸಿಟ್ಟರೆ ಅಲ್ಲೇ ಬಾಗುತ್ತದೆ.

ಈಗಾಗಲೇ ಊದಿರುವ ಕಪಾಟು ಮನೆಯಲ್ಲಿ ಇರುವವರಿಗೆ: ಪುಟ್ಟಿ ಹಚ್ಚಿ ಬಣ್ಣ ಹೊಡೆದು ಮುಚ್ಚಬೇಡಿ, ಒಳಗಿನ ಹಿಡಿತ ಹೋಗಿರುತ್ತದೆ, ಸ್ಕ್ರೂ ನಿಲ್ಲುವುದಿಲ್ಲ. ಊದಿರುವುದು ಕೆಳಗಿನ ಅಂಚು ಮಾತ್ರ ಆಗಿದ್ದರೆ ಕಪಾಟನ್ನು ಖಾಲಿ ಮಾಡಿ, ಪೂರ್ತಿ ಒಣಗಿಸಿ, ಹಾಳಾದಷ್ಟು ಎತ್ತರವನ್ನು ನೇರವಾಗಿ ಕತ್ತರಿಸಿ ತೆಗೆಯಿರಿ. ಹೊಸ ಅಂಚಿಗೆ ಎಪಾಕ್ಸಿ ಹಚ್ಚಿ. ಕತ್ತರಿಸಿದ ಎತ್ತರಕ್ಕೆ ಸರಿಯಾಗಿ ಪ್ಲಾಸ್ಟಿಕ್ ಕಾಲು ಕೂರಿಸಿ ನಿಲ್ಲಿಸಿದರೆ ಕಪಾಟು ಇನ್ನೂ ಹಲವು ವರ್ಷ ಬಾಳುತ್ತದೆ, ಕೆಳಗೆ ಒರೆಸಲೂ ಸುಲಭ.

ಇಂತಿ,
ನಿಮ್ಮ ಓದುಗ